ಸೈಟಿನ ಬೆಲೆಯಲ್ಲಿ ಸೇರಿದ್ದ ಪಾರ್ಕು

1891ರ ಜನಗಣತಿಯ ಹೊತ್ತಿಗೆ ಬೆಂಗಳೂರಿನ ಪೇಟೆ ಮತ್ತು ದಂಡು ಪ್ರದೇಶ ಎರಡರಲ್ಲೂ ಸೇರಿ ಸುಮಾರು 1 ಲಕ್ಷ 80 ಸಾವಿರ ಜನರಿದ್ದರು. ಹತ್ತು ವರ್ಷ ಕಳೆದು ಮತ್ತೆ ಎಣಿಸಿದಾಗ ಲೆಕ್ಕಕ್ಕೆ ಸಿಕ್ಕವರು 1 ಲಕ್ಷ 59 ಸಾವಿರ. ಬೆಂಗಳೂರು ಒಂದು ಕಾಲದಲ್ಲಿ ಕುಗ್ಗಿತ್ತು ಎಂದರೆ ಇಂದಿನವರು ನಂಬುವುದು ಕಷ್ಟ. ಕುಗ್ಗಿಸಿದ್ದು ಪ್ಲೇಗು. ಮುಂಬೈ ಕಡೆಯಿಂದ ಹುಬ್ಬಳ್ಳಿ ಹಾದು ರೈಲು ಹಿಡಿದು ಬಂದ ರೋಗ 1898ರ ಆಗಸ್ಟಿನಲ್ಲಿ ಊರಿಗೆ ಕಾಲಿಟ್ಟಿತು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ ಎಂದು ಕಸುಬಿಗೊಂದರಂತೆ ಬೆಳೆದಿದ್ದ ಇಕ್ಕಟ್ಟಿನ ಬೀದಿಗಳಲ್ಲಿ ಗೋಡೆಗೆ ಗೋಡೆ ತಾಗಿಕೊಂಡಿದ್ದ ಮನೆಗಳು, ಅವುಗಳ ಪಕ್ಕದಲ್ಲೇ ಧಾನ್ಯದ ಮಂಡಿಗಳು, ಮಂಡಿಗಳ ತುಂಬ ಇಲಿಗಳು. ರೋಗ ಹರಡಲು ಇನ್ನೇನು ಬೇಕು? ಜನ ಮನೆಗೆ ಬೀಗ ಹಾಕಿ ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಹಲವರು ಹಳ್ಳಿಗಳಿಗೆ ಹೊರಟುಹೋದರು. ಪ್ಲೇಗಮ್ಮನ ಗುಡಿಗಳು ಎದ್ದವು.

ಬೆಂಗಳೂರಿನ ನಗರ ಯೋಜನೆಯ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಂದ ಆರಂಭಿಸುತ್ತಾರೆ. ಅದಕ್ಕೆ ಸಣ್ಣದೊಂದು ತಿದ್ದುಪಡಿ ಬೇಕು. ಹೊಸ ಬಡಾವಣೆಗಳ ಆಲೋಚನೆ ಪ್ಲೇಗಿಗಿಂತ ಹಳೆಯದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1892ರಲ್ಲಿ, ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆಯನ್ನು ರೂಪಿಸಲಾಗಿತ್ತು. ನೇರವಾದ ಮುಖ್ಯರಸ್ತೆಗಳು, ಅವುಗಳನ್ನು ಕತ್ತರಿಸುವ ಅಡ್ಡರಸ್ತೆಗಳು, ನಡುವೆ ಅಳತೆ ಮಾಡಿದ ನಿವೇಶನಗಳು. ಮನೆಯ ವಿಳಾಸದಲ್ಲಿ ‘ಮೇನು’, ‘ಕ್ರಾಸು’ ಎಂದು ಹೇಳುವ ಬೆಂಗಳೂರಿಗರ ಅಭ್ಯಾಸಕ್ಕೆ ಇಂಥ ಬಡಾವಣೆಗಳೇ ಮೂಲ. ಬಸವನಗುಡಿ ಮತ್ತು ಮಲ್ಲೇಶ್ವರದ ನಕ್ಷೆಗಳೂ ಅದೇ ದಶಕದ ಮೊದಲ ಭಾಗದವು. ಆದರೆ ಪೇಟೆಯ ವರ್ತಕರಿಗೂ ಗುಮಾಸ್ತರಿಗೂ ಅಂಗಡಿ, ದೇವಸ್ಥಾನ, ನೆಂಟರಿಷ್ಟರನ್ನೆಲ್ಲ ಬಿಟ್ಟು ಬಯಲಿಗೆ ಹೋಗಲು ಮನಸ್ಸಿರಲಿಲ್ಲ. ನಕ್ಷೆ ಸಿದ್ಧವಿದ್ದರೂ ಮನೆಗಳು ಏಳಲಿಲ್ಲ. ಪ್ಲೇಗು ಬಂದ ಮೇಲೆ ಅದೇ ಬಯಲು ಜೀವ ಉಳಿಸುವ ಜಾಗವಾಗಿ ಕಂಡಿತು. ಆಗ ಸಂಸ್ಥಾನದ ಪ್ಲೇಗ್ ಕಮಿಷನರ್ ಆಗಿದ್ದ, ಮುಂದೆ ದಿವಾನರೂ ಆದ ವಿ.ಪಿ. ಮಾಧವರಾವ್ ಈ ಬಡಾವಣೆಗಳ ಕೆಲಸಕ್ಕೆ ಚುರುಕು ತಂದರು.

ಮಲ್ಲೇಶ್ವರ ಎದ್ದ ಜಾಗದಲ್ಲಿ ಕಾಡುಮಲ್ಲೇಶ್ವರನ ಗುಡಿ ಮೊದಲಿನಿಂದಲೂ ಇತ್ತು. ಶಿವಾಜಿಯ ಮಲತಮ್ಮ ಏಕೋಜಿ ಆ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ 1669ರ ಶಾಸನವಿದೆ. ಬಸವನಗುಡಿಗೆ ಸುಂಕೇನಹಳ್ಳಿಯ ದೊಡ್ಡ ಬಸವನೇ ಹೆಸರು ಕೊಟ್ಟ. ಎಂಜಿನಿಯರುಗಳು ಖಾಲಿ ಹಾಳೆಯ ಮೇಲೆ ಗೆರೆ ಎಳೆದರೆಂದು ತೋರುವ ಕಡೆಯಲ್ಲೆಲ್ಲ ಒಂದು ಹಳ್ಳಿ, ಒಂದು ಗುಡಿ, ಒಂದು ಕೆರೆ ಮೊದಲೇ ಇದ್ದವು. ಈ ಮಾತನ್ನು ಓದುಗರು ನೆನಪಿಡಬೇಕು. ನೂರು ವರ್ಷದ ನಂತರ ಇದೇ ದೊಡ್ಡ ತಕರಾರಾಗಲಿದೆ.

ಈ ಎರಡು ಬಡಾವಣೆಗಳಲ್ಲಿ ಮನೆಗಿಂತ ಮೊದಲು ಸೌಕರ್ಯದ ಯೋಚನೆ ನಡೆದಿತ್ತು. ರಸ್ತೆಯ ಅಗಲ, ಮೋರಿಯ ಇಳಿಜಾರು, ಮಾರುಕಟ್ಟೆಗೆ ಜಾಗ, ಉದ್ಯಾನಕ್ಕೆ ಜಾಗ, ಶಾಲೆಗೆ ಜಾಗ ಎಲ್ಲವೂ ನಕ್ಷೆಯಲ್ಲಿದ್ದವು. ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ನಿಲ್ಲಿಸಿದ ನೀರು 1896ರ ಹೊತ್ತಿಗೆ ಕೊಳವೆಗಳಲ್ಲಿ ಊರಿಗೆ ಬರತೊಡಗಿತ್ತು. ಧರ್ಮಾಂಬುಧಿ, ಸಂಪಂಗಿ ಕೆರೆಗಳನ್ನು ನಂಬಿಕೊಂಡಿದ್ದ ಊರಿಗೆ ಅದು ದೊಡ್ಡ ಬದಲಾವಣೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಇದಕ್ಕೆಲ್ಲ ಹೆಚ್ಚಿನ ಹಣ ಸಂಸ್ಥಾನದ ಬೊಕ್ಕಸದ್ದು. ಉಳಿದದ್ದು ನಿವೇಶನ ಕೊಂಡವರದ್ದು ಮತ್ತು ಪುರಸಭೆಯ ಕಂದಾಯ, ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕದ್ದು.

ಆ ನಕ್ಷೆಗಳನ್ನು ಬರೀ ಹೊಗಳಿ ಬಿಡುವಂತಿಲ್ಲ. ಬಸವನಗುಡಿಯ ಮೊದಲ ನಕ್ಷೆಯಲ್ಲಿ ನಿವೇಶನಗಳನ್ನು ಜಾತಿ, ಮತದ ಪ್ರಕಾರ ಗುಂಪು ಮಾಡಿ ಗುರುತಿಸಲಾಗಿತ್ತು. ಮಲ್ಲೇಶ್ವರದಲ್ಲೂ ಬಸವನಗುಡಿಯಲ್ಲೂ ಮನೆಗಳ ಹಿಂದೆ ಇಂದಿಗೂ ಕಾಣುವ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳು ಮಲ ಹೊರುವವರು ಬೀದಿಯಲ್ಲಿ ಕಣ್ಣಿಗೆ ಬೀಳದೆ ಬಂದುಹೋಗಲೆಂದು ಬಿಟ್ಟ ದಾರಿಗಳು. ಮುಂದಿನ ರಸ್ತೆಯ ಚೊಕ್ಕಟಕ್ಕೆ ಬೆಲೆ ತೆತ್ತವರು ಹಿಂದಿನ ಗಲ್ಲಿಯಲ್ಲಿ ನಡೆದವರು. ಅವರಿಗೆ ಆ ಬಡಾವಣೆಯಲ್ಲಿ ನಿವೇಶನ ಇರಲಿಲ್ಲ. ‘ಹಳೇ ಬೆಂಗಳೂರು ಎಷ್ಟು ಚೆನ್ನಾಗಿತ್ತು’ ಎನ್ನುವಾಗ ಈ ಗಲ್ಲಿಗಳ ಮಾತನ್ನೂ ಎತ್ತಬೇಕಾಗುತ್ತದೆ.

ದಂಡು ಪ್ರದೇಶದ ಆಡಳಿತ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿ ಪ್ಲೇಗಿನ ಭಯದಿಂದ ಹುಟ್ಟಿದ್ದು ಫ್ರೇಜರ್ ಟೌನ್. 1906ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಅಲ್ಲಿನ ಮುನಿಸಿಪಲ್ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಇಲಿ ನುಗ್ಗದಂಥ ನೆಲ, ಗಾಳಿ ಬೆಳಕು ಆಡುವ ಕೋಣೆಗಳು, ಮನೆಯ ಸುತ್ತ ತೆರಪು ಇರಬೇಕೆಂದು ಪಟ್ಟು ಹಿಡಿದು, ಪ್ಲೇಗು ತಡೆಯುವ ಪಟ್ಟಣ ಕಟ್ಟುವ ಬಗೆಯ ಕುರಿತು 1914ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಮನೆಯ ಸುತ್ತ ಇಷ್ಟು ಜಾಗ ಬಿಡಲೇಬೇಕು ಎಂಬ ನಿಯಮ ಇಂದು ಕಟ್ಟಡ ಕಟ್ಟುವವರಿಗೆ ಕಿರಿಕಿರಿಯಾಗಿ ಕಾಣುತ್ತದೆ. ಅದರ ಹಿಂದೆ ಸಾವಿರಾರು ಸಾವುಗಳಿವೆ.

ಇದೇ ಹೊತ್ತಿಗೆ ಮೈಸೂರು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 1896ರ ಪ್ಲೇಗಿನ ನಂತರ ಮುಂಬೈಯಲ್ಲಿ 1898ರಲ್ಲಿ ನಗರ ಸುಧಾರಣೆಗೆಂದೇ ಒಂದು ಟ್ರಸ್ಟ್ ಸ್ಥಾಪನೆಯಾಗಿತ್ತು. ಐದು ವರ್ಷಕ್ಕೆ, 1903ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಕಲ್ಕತ್ತೆಯ ಟ್ರಸ್ಟಿನ ಕಾನೂನು ಆದದ್ದು 1911ರಲ್ಲಿ. ದಿನನಿತ್ಯದ ಕಸ, ದೀಪ, ಕಂದಾಯದ ಜಂಜಾಟ ಪುರಸಭೆಗೆ ಇರಲಿ. ಜಮೀನು ಕೊಂಡು, ರಸ್ತೆ ಮೋರಿ ಹಾಕಿ, ನಿವೇಶನ ಮಾರಿ, ಬಂದ ಹಣದಲ್ಲಿ ಮುಂದಿನ ಬಡಾವಣೆಗೆ ಕೈಹಾಕುವ ಕೆಲಸಕ್ಕೆ ಪ್ರತ್ಯೇಕ ಮಂಡಳಿಯೊಂದಿರಲಿ ಎಂಬುದು ಈ ಟ್ರಸ್ಟುಗಳ ಹಿಂದಿನ ಲೆಕ್ಕಾಚಾರ. ಲಕ್ಷ್ಮೀಪುರ, ಚಾಮರಾಜಪುರ, ಕೃಷ್ಣಮೂರ್ತಿಪುರ, ಒಂಟಿಕೊಪ್ಪಲುಗಳ ಅಗಲವಾದ ರಸ್ತೆಗಳಲ್ಲಿ ನಡೆದವರಿಗೆ ಆ ಕಾಲದ ಶಿಸ್ತಿನ ಪರಿಚಯವಿದೆ.

ಬೆಂಗಳೂರಿಗೆ ಇಂಥದ್ದೇ ಮಂಡಳಿ ಬರಲು 1945ರವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಊರಿಗೆ ತೋಟದ ಮೆರುಗು ಬಂದಿತ್ತು. 1908ರಲ್ಲಿ ಬರೋಡದಿಂದ ಬಂದ ಜರ್ಮನ್ ಸಸ್ಯತಜ್ಞ ಜಿ.ಎಚ್. ಕ್ರುಂಬಿಗಲ್ ಒಂದರ ನಂತರ ಒಂದು ಹೂಬಿಡುವಂತೆ ಮರಗಳನ್ನು ಆರಿಸಿ ರಸ್ತೆಬದಿಯಲ್ಲಿ ನೆಡಿಸಿದರು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಉದ್ಯಾನ, ವೃತ್ತ, ಕಾರಂಜಿಗಳ ವಿಷಯದಲ್ಲಿ ಖುದ್ದು ಆಸ್ಥೆ ವಹಿಸಿದರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಸಂಸ್ಥಾನದ ಸೇವೆಗೆ ಸೇರಿದರು. ಮುಂದೆ ಭುವನೇಶ್ವರದ ನಕ್ಷೆ ಬರೆದವರು ಇವರೇ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ಕೆಲಸ.

ಎರಡನೇ ಮಹಾಯುದ್ಧ ಎಲ್ಲವನ್ನೂ ಅವಸರಕ್ಕೆ ತಂದಿತು. 1940ರಲ್ಲಿ ಎಚ್‌ಎಎಲ್ ಶುರುವಾಯಿತು, ಸ್ವಾತಂತ್ರ್ಯ ಬಂದ ಮೇಲೆ ಐಟಿಐ, ಎಚ್‌ಎಂಟಿ, ಬಿಇಎಲ್ ಸಾಲುಗಟ್ಟಿದವು. 1941ರಲ್ಲಿ ನಾಲ್ಕು ಲಕ್ಷದಷ್ಟಿದ್ದ ಜನಸಂಖ್ಯೆ 1951ರಲ್ಲಿ 7 ಲಕ್ಷ 79 ಸಾವಿರ ಮುಟ್ಟಿತು. ಈ ಒತ್ತಡಕ್ಕೆ ಉತ್ತರವಾಗಿ ಬಂದದ್ದು 1945ರ ಬೆಂಗಳೂರು ನಗರ ಸುಧಾರಣಾ ಕಾಯ್ದೆ ಮತ್ತು ಅದರಡಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಅಂದರೆ ಸಿಐಟಿಬಿ. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರ ಕೈಯಲ್ಲಿ ಜಯನಗರಕ್ಕೆ ಚಾಲನೆ ಸಿಕ್ಕಿತು. ಅಶೋಕ ಸ್ತಂಭ ಅದರ ಗುರುತಾಗಿ ನಿಂತಿದೆ. ಮರುವರ್ಷ ಅವರದೇ ಹೆಸರಿನ ರಾಜಾಜಿನಗರ ಕಾರ್ಖಾನೆಗಳ ಪ್ರದೇಶವನ್ನೂ ಸೇರಿಸಿಕೊಂಡು ಮೇಲೆದ್ದಿತು. ಅದೇ ವರ್ಷ, 1949ರಲ್ಲಿ, ಪೇಟೆ ಮತ್ತು ದಂಡಿನ ಎರಡು ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆದವು.

ಸಿಐಟಿಬಿಯ ಹಣಕಾಸಿನ ವ್ಯವಸ್ಥೆಯನ್ನು ಬಿಡಿಸಿ ನೋಡಬೇಕು. ಈ ಕಥೆಯ ತಿರುಳು ಅಲ್ಲಿದೆ. ಮಂಡಳಿ ರೈತರ ಜಮೀನನ್ನು ಸ್ವಾಧೀನ ಮಾಡಿಕೊಳ್ಳುತ್ತಿತ್ತು. ರಸ್ತೆ, ಚರಂಡಿ, ಪಾರ್ಕು, ಆಟದ ಬಯಲು, ಶಾಲೆ, ಮಾರುಕಟ್ಟೆಗೆ ಜಾಗ ತೆಗೆದಿಟ್ಟು ಉಳಿದದ್ದನ್ನು ನಿವೇಶನಗಳಾಗಿ ಹಂಚುತ್ತಿತ್ತು. ಜಮೀನಿನ ಬೆಲೆ, ಕಾಮಗಾರಿಯ ಖರ್ಚು ಎರಡನ್ನೂ ಕೂಡಿಸಿ ನಿವೇಶನಗಳ ಮೇಲೆ ಹಾಕುತ್ತಿತ್ತು. ಮೂಲೆ ಸೈಟುಗಳು ಹರಾಜಿಗೆ ಹೋಗುತ್ತಿದ್ದವು. ಹರಾಜಿನ ಹೆಚ್ಚುವರಿ ಹಣ ಉಳಿದ ಸೈಟುಗಳ ಬೆಲೆ ಏರದಂತೆ ಆಧಾರವಾಗುತ್ತಿತ್ತು. ಅಂದರೆ ಜಯನಗರದಲ್ಲಿ ಸೈಟು ಪಡೆದ ಗುಮಾಸ್ತ ತನ್ನ ಪಾಲಿನ ಜಾಗಕ್ಕೆ ಮಾತ್ರ ದುಡ್ಡು ಕೊಟ್ಟವನಲ್ಲ. ಎದುರಿನ ಪಾರ್ಕಿಗೂ, ಮಗ ಹೋಗುವ ಶಾಲೆಯ ನೆಲಕ್ಕೂ ಕೊಟ್ಟಿದ್ದ. ಸರ್ಕಾರ ಪುಕ್ಕಟೆಯಾಗಿ ಕೊಟ್ಟ ಸೌಕರ್ಯ ಎಂದು ಅದನ್ನು ಭಾವಿಸುವುದು ತಪ್ಪು.

ಈ ಲೆಕ್ಕದಲ್ಲಿ ಸೋತವನು ರೈತ. ಎಕರೆಗೆ ಸಿಕ್ಕ ಪರಿಹಾರಕ್ಕೂ ಅದೇ ಎಕರೆಯಲ್ಲಿ ಬಿದ್ದ ಸೈಟುಗಳ ಬೆಲೆಗೂ ಅಜಗಜಾಂತರ. ನಿವೇಶನ ಸಿಕ್ಕವರಲ್ಲಿ ಸರ್ಕಾರಿ ನೌಕರರು, ಕಾರ್ಖಾನೆಯ ನೌಕರರು, ಓದಿದ ಮಧ್ಯಮ ವರ್ಗದವರು ಹೆಚ್ಚು. ಹೊಲ ಕಳೆದುಕೊಂಡ ಕುಟುಂಬಗಳು ಊರ ನಡುವೆ ಉಳಿದ ಹಳ್ಳಿಯಲ್ಲೇ ಬದುಕಿದವು. ಬಡಾವಣೆಯ ನಡುವೆ ಇದ್ದಕ್ಕಿದ್ದಂತೆ ಸಿಗುವ ಸಂದಿಗೊಂದಿಯ ಬೀದಿಗಳು ಆ ಹಳ್ಳಿಗಳೇ. ಎಷ್ಟೋ ಕಡೆ ಅವುಗಳ ಮೋರಿಯ ಕೆಲಸ ಬಡಾವಣೆಯ ಮೋರಿಯ ಕೆಲಸ ಮುಗಿದ ಬಹುಕಾಲದ ಮೇಲೆ ನಡೆಯಿತು.

1961ರಲ್ಲಿ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂತು. ಯಾವ ಜಾಗದಲ್ಲಿ ಏನಿರಬೇಕೆಂದು ಇಡೀ ನಗರಕ್ಕೇ ನಕ್ಷೆ ಬರೆಯಲು ಅದು ಹೇಳಿತು. ಹಳದಿ ಬಣ್ಣ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಸಾರ್ವಜನಿಕ ಕಟ್ಟಡಗಳಿಗೆ, ಹಸಿರು ಉದ್ಯಾನಕ್ಕೆ. 1960ರ ದಶಕದ ಆರಂಭದಲ್ಲಿ ತಯಾರಾದ ಬೆಂಗಳೂರಿನ ಮೊದಲ ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 1972ರಲ್ಲಿ. ಅಷ್ಟು ವರ್ಷ ಊರು ನಕ್ಷೆಗಾಗಿ ಕಾದು ಕೂರಲಿಲ್ಲ. ಸಿಐಟಿಬಿಯ ಜಾಗಕ್ಕೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂದಿತು. ಬಡಾವಣೆಯ ಶೇ. 15ರಷ್ಟು ಜಾಗ ಪಾರ್ಕು ಮತ್ತು ಆಟದ ಬಯಲಿಗೆ, ಅದರ ಜೊತೆ ಶೇ. 10 ನಾಗರಿಕ ಸೌಲಭ್ಯಗಳಿಗೆ (ಸಿವಿಕ್ ಅಮೆನಿಟಿ) ಮೀಸಲಿರಬೇಕೆಂಬುದು ಬಿಡಿಎ ಕಾಯ್ದೆಯ ನಿಯಮ. ‘ಸಿ.ಎ. ಸೈಟು’ ಎಂದು ಎಲ್ಲರ ಬಾಯಲ್ಲಿರುವುದು ಈ ಶೇ. 10ರ ಪಾಲು.

ನಿಯಮ ಗಟ್ಟಿಯಾಗಿತ್ತು. ಕಾಯುವವರು?

ಆ ಪ್ರಶ್ನೆ ಎದ್ದದ್ದು ರಾಜಮಹಲ್ ವಿಲಾಸ ಬಡಾವಣೆಯಲ್ಲಿ. ಅಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಒಂದು ವೈದ್ಯಕೀಯ ಟ್ರಸ್ಟಿಗೆ ಕೊಡುವ ಆದೇಶ 1976ರಲ್ಲಿ ಹೊರಬಿತ್ತು. ನಿರ್ದೇಶನ ಸರ್ಕಾರದ ಅತ್ಯುನ್ನತ ಮಟ್ಟದಿಂದಲೇ ಬಂದಿತ್ತು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಬಂದ ತೀರ್ಪು ಇಂದಿಗೂ ದೇಶದ ನಗರ ಯೋಜನೆಯ ಪಾಠಗಳಲ್ಲಿ ಒಂದು: ಆಸ್ಪತ್ರೆ ಎಷ್ಟೇ ಒಳ್ಳೆಯದಿರಲಿ, ಅದು ಪಾರ್ಕಿಗೆ ಬದಲಿಯಾಗಲಾರದು. ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿಯವರಿಗೆ ಕೊಡುವ ಅಧಿಕಾರ ಪ್ರಾಧಿಕಾರಕ್ಕೂ ಇಲ್ಲ, ಸರ್ಕಾರಕ್ಕೂ ಇಲ್ಲ. ಆ ಬಗ್ಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕು ಅಲ್ಲಿನ ನಿವಾಸಿಗಳಿಗೆ ಇದ್ದೇ ಇದೆ. ತೀರ್ಪಿಗೆ ಹದಿನೈದು ವರ್ಷ ಹಿಡಿಯಿತು. ಅಷ್ಟು ವರ್ಷ ಪಟ್ಟು ಬಿಡದೆ ನಿಂತ ನಿವಾಸಿಗಳಿಗೆ ಇಡೀ ದೇಶದ ಊರುಗಳು ಋಣಿಯಾಗಿರಬೇಕು.

ಕೆರೆಗಳಿಗೆ ಅಂಥ ಕಾವಲು ಸಿಗಲಿಲ್ಲ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು, ಧರ್ಮಾಂಬುಧಿಯ ಜಾಗದಲ್ಲಿ ಮೆಜೆಸ್ಟಿಕ್‌ನ ಬಸ್ ನಿಲ್ದಾಣ ಬಂತು. ಕೆರೆಗಳನ್ನು ಉಳಿಸುವ ದಾರಿ ಹೇಳಲು ಎನ್. ಲಕ್ಷ್ಮಣರಾವ್ ಅವರ ನೇತೃತ್ವದ ಸಮಿತಿ 1980ರ ದಶಕದಲ್ಲಿ ಕೂರುವ ಹೊತ್ತಿಗೆ ಎಷ್ಟೋ ಕೆರೆಗಳ ಹೆಸರಷ್ಟೇ ಉಳಿದಿತ್ತು.

1971ರಿಂದ 1981ರ ನಡುವೆ ನಗರದ ಜನಸಂಖ್ಯೆ ಹದಿನಾರೂವರೆ ಲಕ್ಷದಿಂದ 29 ಲಕ್ಷ ದಾಟಿತು. ಬಿಡಿಎ ಸೈಟಿಗೆ ಅರ್ಜಿ ಹಾಕಿ, ಠೇವಣಿ ಕಟ್ಟಿ, ಸಿಗದೆ ಮತ್ತೆ ಮತ್ತೆ ಅರ್ಜಿ ಹಾಕಿದ ಮನೆಗಳು ಪ್ರತಿ ಬೀದಿಯಲ್ಲೂ ಇದ್ದವು. ಅವರಿಗೆ ಎದುರಾದದ್ದು ರೆವಿನ್ಯೂ ಸೈಟು. ವ್ಯವಸಾಯದ ಜಮೀನನ್ನು ಭೂಪರಿವರ್ತನೆಯಾಗಲಿ ನಕ್ಷೆಯ ಮಂಜೂರಾತಿಯಾಗಲಿ ಇಲ್ಲದೆ ತುಂಡು ಮಾಡಿ, ಮೂವತ್ತು ನಲವತ್ತರ ಸೈಟೆಂದು ಮಾರುವ ವ್ಯಾಪಾರ. ಬೆಲೆ ಕಡಿಮೆ, ಕಾಯುವ ಗೋಜಿಲ್ಲ. ಪಾರ್ಕಿಗೆ ಜಾಗ ಬಿಡದಿದ್ದರಿಂದಲೇ ಬೆಲೆ ಕಡಿಮೆಯಾಗಿತ್ತು. ಜಯನಗರದ ಗುಮಾಸ್ತ ಮೊದಲೇ ತೆತ್ತಿದ್ದ ಖರ್ಚನ್ನು ಇಲ್ಲಿ ಯಾರೂ ತೆರಲಿಲ್ಲ. ಅದು ಮುಂದಕ್ಕೆ ಹೋಯಿತು. ಚರಂಡಿ ಇಲ್ಲದ ಬೀದಿಗೆ ಹತ್ತು ವರ್ಷದ ಮೇಲೆ ಚರಂಡಿ ತೋಡುವುದು ಮೂರು ಪಟ್ಟು ಕಷ್ಟದ ಕೆಲಸ. ಶಾಲೆಗೆ ಜಾಗವೇ ಇಲ್ಲದ ಕಡೆ ಯಾವ ದುಡ್ಡಿಗೂ ಜಾಗ ಹುಟ್ಟುವುದಿಲ್ಲ. ಸೈಟು ಕೊಂಡವರನ್ನು ಇದಕ್ಕೆ ದೂರುವುದು ಸುಲಭ, ಆದರೆ ನ್ಯಾಯವಲ್ಲ. ಸೂರು ಬೇಕಾದವರಿಗೆ ಕಾನೂನಿನ ದಾರಿ ಇಕ್ಕಟ್ಟಾಗಿದ್ದಾಗ ಅವರು ಅಗಲವಾದ ದಾರಿ ಹಿಡಿದರು.

ಇತ್ತ ಕಾರ್ಪೊರೇಷನ್ನಿನ ಕೈಯಲ್ಲಿ ಹಣವಿರಲಿಲ್ಲ. ಸೈಟು ಮಾರುವವರು ಬಿಡಿಎ, 1964ರಿಂದ ನೀರು ಮತ್ತು ಒಳಚರಂಡಿ ನೋಡುವುದು ಜಲಮಂಡಳಿ, ಬಡಾವಣೆಯ ರಸ್ತೆ ದೀಪಗಳನ್ನು ಕೊನೆಗೆ ನಿರ್ವಹಿಸುವುದು ಕಾರ್ಪೊರೇಷನ್. ನೆಲದ ಬೆಲೆ ಏರಿದ ಲಾಭ ಒಂದು ಕಡೆಗೆ, ನೆಲ ನೋಡಿಕೊಳ್ಳುವ ಖರ್ಚು ಇನ್ನೊಂದು ಕಡೆಗೆ. 1979ರಲ್ಲಿ ರಾಜ್ಯ ಸರ್ಕಾರ ಆಕ್ಟ್ರಾಯ್ ರದ್ದು ಮಾಡಿದಾಗ ನಗರಗಳ ಸ್ವಂತ ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತು. 1997ರಲ್ಲಿ ಬೆಂಗಳೂರು ಪಾಲಿಕೆ ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್ ಹೊರತಂದಿತು. ಭಾರತದ ನಗರವೊಂದು ಮಾರುಕಟ್ಟೆಯಿಂದ ಹೀಗೆ ಸಾಲ ಎತ್ತಿದ್ದು ಅದೇ ಮೊದಲು. 2000ದಲ್ಲಿ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಪದ್ಧತಿ ಬಂತು. ಕಂದಾಯದ ಇನ್‌ಸ್ಪೆಕ್ಟರನ ಅಂದಾಜಿಗೆ ಕಾಯದೆ ಮಾಲೀಕರೇ ವಿಸ್ತೀರ್ಣ, ಬಡಾವಣೆ, ಬಳಕೆಯ ಲೆಕ್ಕ ಹಾಕಿ ತೆರಿಗೆ ಕಟ್ಟಿದರು. ವಸೂಲಿ ಏರಿತು. ಈ ಸುಧಾರಣೆಗೆ ಇನ್ನೂ ಹೆಚ್ಚಿನ ಶ್ಲಾಘನೆ ಸಿಗಬೇಕಿತ್ತು.

2007ರಲ್ಲಿ ಹಳೆಯ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ ಆಯಿತು. ಒಂದೇ ಏಟಿಗೆ ನಗರ ಕೆಲವು ಪಟ್ಟು ಹಿಗ್ಗಿತು. ರೆವಿನ್ಯೂ ಸೈಟುಗಳ ಮನೆಗಳು ‘ಬಿ ಖಾತೆ’ಯ ಪುಸ್ತಕ ಸೇರಿದವು. ತೆರಿಗೆ ಕಟ್ಟಿಸಿಕೊಂಡರೂ ಪೂರ್ತಿ ಒಪ್ಪಿಗೆ ಕೊಡದ ಅರೆಬರೆ ಸ್ಥಿತಿ ಅದು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಊರಿಗೆ ಸೇರಿ ನೀರು ಸಿಗುವುದರ ನಡುವೆ ಹದಿನೇಳು ವರ್ಷ. ಅಷ್ಟು ಕಾಲ ಟ್ಯಾಂಕರಿಗೆ ಮತ್ತು ಕೊಳವೆಬಾವಿಗೆ ಜನ ಸುರಿದ ಹಣ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ, ಆದರೂ ಅದು ಸಾರ್ವಜನಿಕ ಸೌಕರ್ಯಕ್ಕೆ ಜನ ತೆತ್ತ ಹಣವೇ.

ಹಳೆಯ ಮಾದರಿಗೆ ಹಿಂದಿರುಗುವುದೂ ಈಗ ಕಷ್ಟ. ಹದಿನಾರು ಹಳ್ಳಿಗಳ 2,750 ಎಕರೆಗೆ 2004ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿದ ಅರ್ಕಾವತಿ ಬಡಾವಣೆ ವರ್ಷಗಟ್ಟಲೆ ವ್ಯಾಜ್ಯದಲ್ಲಿ ಸಿಕ್ಕಿಬಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ಷರತ್ತುಗಳೊಂದಿಗೆ ಅದನ್ನು ಎತ್ತಿಹಿಡಿಯಿತು. ರೈತರು ಸುಮ್ಮನೆ ಜಮೀನು ಬಿಟ್ಟುಕೊಡುವ ಕಾಲ ಮುಗಿದಿತ್ತು. ಮುಗಿಯಲೇಬೇಕಿತ್ತು. ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಅಭಿವೃದ್ಧಿಯಾದ ನಿವೇಶನದ ಜಾಗದಲ್ಲಿ ಶೇ. 40ರಷ್ಟನ್ನು ಭೂಮಾಲೀಕರಿಗೆ ಕೊಡುವ ಒಪ್ಪಂದ ಬಂತು. ಸಿಐಟಿಬಿ ಕಾಲದ ಅನ್ಯಾಯಕ್ಕೆ ಇದು ತಡವಾಗಿ ಸಿಕ್ಕ ಉತ್ತರ. ಆದರೆ ಪೆರಿಫೆರಲ್ ರಿಂಗ್ ರಸ್ತೆಗೆಂದು 2007ರಲ್ಲಿ ಗುರುತಿಸಿದ ಜಮೀನಿನ ಮಾಲೀಕರು ಅದನ್ನು ಮಾರಲೂ ಆಗದೆ, ಪರಿಹಾರವೂ ಕೈಗೆ ಬಾರದೆ ಒಂದೂವರೆ ದಶಕ ಮೀರಿ ಕಾದರು. ನಕ್ಷೆಯ ಮೇಲಿನ ಒಂದು ಗೆರೆ ಒಂದು ಕುಟುಂಬದ ಮದುವೆ, ಓದು, ಸಾಲ ಎಲ್ಲವನ್ನೂ ತಡೆದು ನಿಲ್ಲಿಸಬಲ್ಲದು.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಯಾದಾಗ ನಗರ ಯೋಜನೆ, ಭೂಬಳಕೆಯ ನಿಯಂತ್ರಣಗಳನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯ ತಲೆಗೇ ಇಟ್ಟಿತು. ಬೆಂಗಳೂರಿನಲ್ಲಿ ನಕ್ಷೆ ಬರೆಯುವ ಅಧಿಕಾರ ನಂತರದ ದಶಕಗಳಲ್ಲೂ ಚುನಾಯಿತ ಪಾಲಿಕೆಯ ಕೈಸೇರದೆ ಬಿಡಿಎಯಲ್ಲೇ ಉಳಿಯಿತು. 2015ರವರೆಗೆಂದು ಬರೆದ ನಕ್ಷೆಯ ಅವಧಿ ಮುಗಿದ ಮೇಲೆ 2031ರ ಕರಡು 2017ರಲ್ಲಿ ಬಂತು, ಆಕ್ಷೇಪಣೆಗಳ ನಡುವೆ ಕೊನೆಗೆ ಹಿಂತೆಗೆದುಕೊಂಡದ್ದೂ ಆಯಿತು. ಹಾಗಾಗಿ ಅವಧಿ ಮುಗಿದ ನಕ್ಷೆಯ ಆಧಾರದಲ್ಲೇ ನಗರ ಬೆಳೆಯುತ್ತ ಹೋಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ.

ಇಡೀ ನಗರದ ಹೊಸ ನಕ್ಷೆಯ, ಅಂದರೆ ಮಹಾಯೋಜನೆಯ, ಕರಡು ಬಂದಾಗ ಕಾನೂನು ಪ್ರತಿಯೊಬ್ಬರಿಗೂ ಆಕ್ಷೇಪಣೆ ಸಲ್ಲಿಸುವ ಅವಕಾಶ ಕೊಡುತ್ತದೆ. ಬೆಂಗಳೂರಿನ ಓದುಗರು ಆ ದಿನಕ್ಕೆ ಸಿದ್ಧರಾಗಿರಲಿ. ತಮ್ಮ ಬಡಾವಣೆಯ ಹಾಳೆಯನ್ನು ತರಿಸಿಕೊಂಡು, ಅದರಲ್ಲಿ ಹಸಿರು ಎಲ್ಲಿದೆ, ಕೆಂಪು ಎಲ್ಲಿದೆ, ಹಳೆಯ ಮಂಜೂರಾದ ನಕ್ಷೆಯಲ್ಲಿದ್ದ ಪಾರ್ಕು ಮತ್ತು ಸಿ.ಎ. ಸೈಟು ಹೊಸದರಲ್ಲಿ ಹಾಗೇ ಉಳಿದಿವೆಯೇ ಎಂದು ಬೆರಳಿಟ್ಟು ನೋಡಲಿ. ಇಲ್ಲದಿದ್ದರೆ ಗಡುವು ಮುಗಿಯುವ ಮೊದಲು ಬರಹದಲ್ಲಿ ಕೇಳಲಿ.